ಪಶ್ಚಾತ್ತಾಪದ ಪಾಠ

ಬೆಳಿಗ್ಗೆ ಬೀಗ ತೆಗೆಯುವಷ್ಟರಲ್ಲಿ ತಾತ ಗೋಡೆಗೆ ಗಾರೆ ಬಳಿದು ಮುಗಿಸಿದ್ದ. ಮಂಚದ ತಲೆಗಡೆಯಿಂದ ಕಿಟಕಿಯವರೆಗೆ. ಹೇಲಿನ ಗಾರೆ. ಮೊದಲ ಸಲ ನೋಡಿದಾಗ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿದ್ದೆ. ಈಗ ಬಕೆಟ್ಟು, ಬ್ರಷ್ಷು ಹಿಡಿದುಕೊಂಡೇ ಒಳಗೆ ಬರುತ್ತೇನೆ.

ಹೊರಗಿದ್ದಾಗ ಅವನು ಗಾರೆ ಕೆಲಸದವನು. ತಲೆಯಲ್ಲಿದ್ದದ್ದೆಲ್ಲ ಅಳಿಸಿಹೋಗಿದೆ. ಕೈಯಲ್ಲಿದ್ದದ್ದು ಅಳಿಸಿಲ್ಲ. ಒಂದೇ ದಪ್ಪ, ಒಂದೇ ಮಟ್ಟ. ಮೂಲೆಗೆ ಹೆಬ್ಬೆರಳಿನಿಂದ ಅಂಚು ಕಟ್ಟಿದ್ದ.

"ಒಣಗೋಕೆ ಬಿಡು. ಈಗಲೇ ಮುಟ್ಟಬೇಡ," ಅಂದ ನನ್ನನ್ನು ನೋಡಿ.

"ಸರಿ ತಾತ."

ಪಕ್ಕದ ಮಂಚದ ಅಂಚೆ ಮಾವ ಮೂಗಿಗೆ ಟವೆಲ್ಲು ಒತ್ತಿಕೊಂಡು ಕೂತಿದ್ದ. ಹೊರಗೆ ಅವನು ಮನೆಮನೆಗೆ ಅಂಚೆ ಹಂಚುತ್ತಿದ್ದವನು. "ಈ ಜೈಲು ಕಟ್ಟಿದ ಕಂಟ್ರಾಕ್ಟರಿಗಿಂತ ಇವನೇ ವಾಸಿ ಕಣೋ," ಅಂದ. "ಅವನ ಗಾರೆ ತಾನೇ ಉದುರುತ್ತೆ. ಇವನದು ಉಜ್ಜಿದ್ರೂ ಹೋಗಲ್ಲ."

ನಾನು ಉಜ್ಜಿದೆ.

ಹೊರಗೆ ನಾನು ಲಾರಿ ಕ್ಲೀನರ್. ಇಲ್ಲೂ ಎಲ್ಲರೂ ಕ್ಲೀನರ್ ಅಂತಲೇ ಕರೆಯುತ್ತಾರೆ. ಲಾರಿಗಿಂತ ಮುದುಕರು ಕಷ್ಟ. ಲಾರಿ ಅಳಲ್ಲ. ಒಂದು ಹೊಡೆದಾಟದಲ್ಲಿ ಒಬ್ಬ ಸತ್ತ, ನಾನು ಒಳಗೆ ಬಂದೆ. ಮುದುಕರ ವಾರ್ಡಿನಲ್ಲಿ ಚಾಕರಿ ಮಾಡಿದರೆ ಶಿಕ್ಷೆಯಲ್ಲಿ ಮಾಫಿ ಸಿಗುತ್ತದೆ, ಬೇಗ ಹೊರಗೆ ಹೋಗಬಹುದು. ಅದಕ್ಕೇ ಒಪ್ಪಿಕೊಂಡದ್ದು. ಪುಣ್ಯ ಕಟ್ಟಿಕೊಳ್ಳುವುದಕ್ಕಲ್ಲ.

ಈ ವಾರ್ಡಿನಲ್ಲಿರುವವರೆಲ್ಲ ಜೀವಾವಧಿಯವರು. ಒಬ್ಬನಿಗೆ ಕಾಲಿಲ್ಲ. ಒಬ್ಬನಿಗೆ ಕಣ್ಣಿಲ್ಲ. ಒಬ್ಬನ ಸೊಂಟಕ್ಕೆ ಉಚ್ಚೆಯ ಚೀಲ ಕಟ್ಟಿದೆ. ಬಾಗಿಲಿಗೆ ಮಾತ್ರ ಎರಡು ಬೀಗ. ಇವರು ಓಡಿಹೋಗುತ್ತಾರಂತೆ. ಮಂಚದಿಂದ ಪಾಯಿಖಾನೆಗೆ ಓಡಲಾಗದೆ ದಾರಿಯಲ್ಲೇ ಮಾಡಿಕೊಳ್ಳುವವರು ಗೋಡೆ ಹಾರುತ್ತಾರಂತೆ.

ಗೋಡೆ ತೊಳೆದಾದ ಮೇಲೆ ತಾತನನ್ನು ತೊಳೆಯುವುದು. ಸ್ನಾನದ ಕಟ್ಟೆಯ ಮೇಲೆ ಕೂರಿಸುತ್ತೇನೆ. ಉಗುರಿನ ಸಂದಿಗೆ ಹಳೆ ಹಲ್ಲುಜ್ಜುವ ಬ್ರಷ್ಷು ಹಾಕುತ್ತೇನೆ. ಬೆನ್ನಿನ ಮೂಳೆ ಒಂದೊಂದೂ ಕೈಗೆ ಸಿಗುತ್ತದೆ. ಕೈ ಮಾತ್ರ ಇನ್ನೂ ದಪ್ಪ. ಸುಣ್ಣ, ಸಿಮೆಂಟು ತಿಂದ ಕೈ. ಅದಕ್ಕೊಂದು ಸೋಪು ಕೊಡುತ್ತೇನೆ, ಹಿಡಿದುಕೊಂಡಿರುತ್ತಾನೆ. ಆಗ ಪಾಠ ಶುರು.

"ಅವಳೆಲ್ಲಿ?" ಅಂತ ಅವನೇ ಶುರು ಮಾಡುತ್ತಾನೆ. ದಿನಾ.

"ಯಾರು?"

"ನನ್ನ ಹೆಂಡ್ತಿ ಕಣಯ್ಯ. ಬೆಳಿಗ್ಗೆಯಿಂದ ಕಾಣಿಸ್ತಿಲ್ಲ."

"ಸತ್ತುಹೋದ್ಲು ತಾತ."

"ಯಾವಾಗ?"

"ತುಂಬ ವರ್ಷ ಆಯ್ತು."

"ಹೇಗೆ?"

"ನೀನೇ ಕೊಂದೆ."

ಸೋಪು ಕೈಯಿಂದ ಬಿದ್ದುಹೋಗುತ್ತದೆ. ಅಷ್ಟು ಗಟ್ಟಿ ಕೈ ಒದ್ದೆ ಬಟ್ಟೆಯ ಹಾಗೆ ತೊಡೆಯ ಮೇಲೆ ಜೋತುಬೀಳುತ್ತದೆ. ಆಮೇಲೆ ಅಳು. ನಿನ್ನೆ ಅತ್ತದ್ದು ಇವತ್ತಿನ ಲೆಕ್ಕಕ್ಕಿಲ್ಲ. ಅವನಿಗೆ ದಿನಾ ಹೊಸ ಸಾವು, ದಿನಾ ಹೊಸ ಕೊಲೆ. "ಸುಳ್ಳು ಹೇಳಬೇಡಪ್ಪ, ನಿನ್ನ ಕಾಲು ಹಿಡೀತೀನಿ," ಅನ್ನುತ್ತಾನೆ. ನಿಜವಾಗಲೂ ಹಿಡಿಯುತ್ತಾನೆ. ಅಳು ನಿಂತ ಮೇಲೆ ಮೈ ಒರೆಸುತ್ತಾ ಹೇಳಿಸುತ್ತೇನೆ. ನಾನು ನನ್ನ ಹೆಂಡ್ತೀನ ಕೊಂದೆ. ಕುಡಿದಿದ್ದೆ. ಗೋಡೆ ಮಟ್ಟ ನೋಡೋ ಪಟ್ಟಿಯಿಂದ ತಲೆಗೆ ಹೊಡೆದೆ. ತಪ್ಪಾಯ್ತು. ದಿನಾ ದುಃಖ ಪಡ್ತೀನಿ.

ಮೊದಲು 'ಪಶ್ಚಾತ್ತಾಪ ಪಡ್ತೀನಿ' ಅಂತಿತ್ತು. ಹಲ್ಲಿಲ್ಲದ ಬಾಯಿ, ಆ ಪದ ಹೊರಡಲಿಲ್ಲ. ದುಃಖ ಅಂತ ಮಾಡಿದೆವು.

ಇದನ್ನು ನಾನು ಚಟಕ್ಕೆ ಮಾಡುತ್ತಿರಲಿಲ್ಲ. ಹೋದ ವರ್ಷ ಪೆರೋಲ್ ಸಮಿತಿಯವರು ಬಂದಿದ್ದರು. ವಯಸ್ಸಾದವರನ್ನು ಮನೆಯವರ ಜೊತೆ ಕಳಿಸುವ ಸಮಿತಿ. ತಾತನ ಮಗಳು ಅರ್ಜಿ ಕೊಟ್ಟಿದ್ದಳು. ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಅಂತ ಅಧ್ಯಕ್ಷರು ಕೇಳಿದರು. ತಾತ ಯೋಚನೆ ಮಾಡಿದ. "ಯಾಕೆ, ಗೋಡೆ ಬಿರುಕು ಬಿಡ್ತಾ?" ಅಂದ. "ಬಿಟ್ಟಿದ್ರೆ ನಾಳೆ ಬಂದು ಸರಿ ಮಾಡಿಕೊಡ್ತೀನಿ ಸ್ವಾಮಿ."

ಕೈದಿಗೆ ಪಶ್ಚಾತ್ತಾಪವಿಲ್ಲ ಅಂತ ತೀರ್ಮಾನವಾಯಿತು. ಇವನಿಗೆ ನೆನಪೇ ಇಲ್ಲ ಅಂತ ಡಾಕ್ಟರು ಹೇಳಿದರಂತೆ. ಮರೆವು ಬೇರೆ, ಪಶ್ಚಾತ್ತಾಪ ಬೇರೆ ಅಂದರಂತೆ ಅಧ್ಯಕ್ಷರು. ಅಪರಾಧ ಮರೆತವನಿಗೆ ಬಿಡುಗಡೆಯಿಲ್ಲ. ಮರೆತವನಿಗೆ ಶಿಕ್ಷೆ ಮಾತ್ರ ಇದೆ. ಯಾಕೆ ಶಿಕ್ಷೆ ಅಂತ ಅವನಿಗೆ ಗೊತ್ತಿರಬೇಕಾಗಿಲ್ಲ.

ಆಮೇಲೆ ಹೆಡ್ ವಾರ್ಡರು ನನ್ನನ್ನು ಕರೆದ. "ಏ ಕ್ಲೀನರ್, ಮಗ್ಗಿ ಕಲಿಸಿದ ಹಾಗೆ ಕಲಿಸು ಆ ಮುದುಕನಿಗೆ. ಅವನು ಹೋದ್ರೆ ನನಗೊಂದು ಮಂಚ ಖಾಲಿ. ನಿನಗೂ ಒಂದು ಗೋಡೆ ಕಮ್ಮಿ."

ವಾರ್ಡಿಗೆ ವಾರ್ಡೇ ಮೇಷ್ಟ್ರಾಯಿತು. ನಾನು ಮರೆತರೆ ಅಂಚೆ ಮಾವ ಹೇಳಿಸುತ್ತಿದ್ದ. ಕಣ್ಣಿಲ್ಲದವನು ಮಲಗಿದಲ್ಲಿಂದಲೇ ತಪ್ಪು ತಿದ್ದುತ್ತಿದ್ದ, "ಕುಡಿದಿದ್ದೆ ಅನ್ನೋದು ಬಿಟ್ಟ ನೋಡು." ಬೆಳಿಗ್ಗೆ ಹೇಳಿಕೊಟ್ಟದ್ದು ಮಧ್ಯಾಹ್ನದವರೆಗೆ ನಿಲ್ಲುತ್ತದೆ, ಊಟವಾಗಿ ಒಂದು ನಿದ್ದೆ ತೆಗೆದರೆ ಅಳಿಸಿಹೋಗುತ್ತದೆ ಅಂತ ಕಂಡುಹಿಡಿದೆವು. ಹಾಗೆ ಅಳಿಸಿಹೋದ ಮೇಲೆ ಸಂಜೆಯ ಹೊತ್ತು ಅವನ ಮುಖ ಚೆನ್ನಾಗಿರುತ್ತಿತ್ತು. ಕಿಟಕಿಯ ಕಡೆ ತಿರುಗಿ, ಇನ್ನೇನು ಕೆಲಸ ಮುಗೀತು ಅನ್ನುವವನ ಹಾಗೆ ಕೂತಿರುತ್ತಿದ್ದ.

ಮಗಳು ತಿಂಗಳಿಗೊಮ್ಮೆ ಬರುತ್ತಿದ್ದಳು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೆಲಸ. ಬೆರಳ ತುದಿಯೆಲ್ಲ ಬ್ಲೀಚಿಗೆ ಬೆಂದು ಬಿಳಿ. ಕೆಲಸದಿಂದ ನೇರ ಬರುತ್ತಿದ್ದಳು, ತಲೆಯ ಮೇಲೆ ಪ್ಲಾಸ್ಟಿಕ್ ಟೋಪಿ ಹಾಗೇ ಇರುತ್ತಿತ್ತು. ತಾತ ಅವಳನ್ನು ನರ್ಸಮ್ಮ ಅಂತ ಕರೆಯುತ್ತಿದ್ದ. ಅವಳು ತಿದ್ದುತ್ತಿರಲಿಲ್ಲ. ನಡುವೆ ಗಾಜು ಇರುತ್ತಿತ್ತು. ಅವನನ್ನು ಈ ಕಡೆ ಕೂರಿಸಿಕೊಂಡು ನಾನೇ ಅವಳ ಜೊತೆ ಮಾತಾಡುತ್ತಿದ್ದೆ.

"ಊಟ ಮಾಡ್ತಾನಾ ತಮ್ಮ?"

"ಮಾಡ್ತಾನೆ ಅಕ್ಕ. ಉಣ್ಣಿಸಿದ್ರೆ."

"ಬೆನ್ನು ಹುಣ್ಣಾಗಿದೆಯಾ?"

"ಸೊಂಟದ ಹತ್ತಿರ ಒಂದು."

"ಮಗ್ಗುಲು ಬದಲಾಯಿಸ್ತಿರು. ನಮ್ಮ ಆಸ್ಪತ್ರೆಯಲ್ಲಿ ಹುಣ್ಣಿಂದಾನೇ ಹೋಗ್ತಾರೆ."

ಕೊಲೆಯಾದಾಗ ಇವಳು ಇನ್ನೂ ಸ್ಕೂಲಿಗೆ ಹೋಗುವ ಹುಡುಗಿ. ಅದೇ ಮನೆಯಲ್ಲಿದ್ದಳು. ಸಾಕ್ಷಿ ಹೇಳಿದವಳೂ ಇವಳೇ. ಬಹಳ ವರ್ಷ ಇತ್ತ ತಲೆ ಹಾಕಿರಲಿಲ್ಲ. ಈಗ ಯಾಕೆ ಬರುತ್ತಾಳೆ ಅಂತ ನಾನು ಕೇಳಲಿಲ್ಲ. ಅದು ನನಗೆ ಸಂಬಂಧಪಟ್ಟದ್ದಲ್ಲ.

ಈ ವರ್ಷದ ಸಮಿತಿಗೆ ಮುಂಚಿನ ಭೇಟಿಯಲ್ಲಿ ಅಂಚೆ ಮಾವನೂ ತನ್ನ ಸೊಸೆಯನ್ನು ನೋಡಲು ಬಂದು ಪಕ್ಕದಲ್ಲೇ ಕೂತಿದ್ದ. ಗಾಜಿನ ಹತ್ತಿರ ಬಾಯಿಟ್ಟು ತಾತನ ಮಗಳಿಗೆ ಬುದ್ಧಿ ಹೇಳಿದ. "ಅವತ್ತು ಈ ಟೋಪಿ ಗೀಪಿ ಬೇಡ ತಾಯಿ. ತಲೆ ಬಾಚಿಕೊಂಡು ಒಳ್ಳೆ ಬಟ್ಟೆ ಹಾಕ್ಕೊಂಡು ಬಾ. ಮನೆಯವರು ಹೇಗಿದಾರೆ ಅಂತ ನೋಡ್ತಾರೆ ಅವರು. ನಾನು ಊರೆಲ್ಲ ಬಾಗಿಲು ತಟ್ಟಿದವನು. ಬಾಗಿಲಿಗೆ ಬಂದವರ ಬಟ್ಟೆ ನೋಡಿದ್ರೆ ಒಳಗೆ ಹೇಗಿದೆ ಅಂತ ಹೇಳಬಹುದು."

"ಹೂಂ ಮಾವ," ಅಂದಳು ಅವಳು. ನನಗೂ ಸರಿ ಅನ್ನಿಸಿತು. ಎಲ್ಲರಿಗೂ ಸರಿ ಅನ್ನಿಸಿತು.

ಸಮಿತಿಯ ದಿನ ತಾತನಿಗೆ ಗಡ್ಡ ತೆಗೆದೆ. ಒಗೆದ ಅಂಗಿ ಹಾಕಿದೆ. ಕೆಳಗೆ ಎರಡು ಪದರ ಬಟ್ಟೆ ಕಟ್ಟಿದೆ. ಪಾಠ ಚೆನ್ನಾಗಿ ಹೋಯಿತು. ಸೋಪು ಬಿತ್ತು, ಅತ್ತ, ಹೇಳಿದ. ಕಣ್ಣಿಲ್ಲದವನು ಕೂಡ "ಪಾಸು" ಅಂದ. ಚಕ್ರದ ಕುರ್ಚಿಯಲ್ಲಿ ಕೂರಿಸಿ ಆಫೀಸಿನ ಮುಂದಿನ ಓಣಿಗೆ ತಳ್ಳಿಕೊಂಡು ಹೋದೆ. ಅಂಚೆ ಮಾವ ಗೋಡೆ ಹಿಡಿದುಕೊಂಡು ಹಿಂದೆ ಬಂದ. ಅವನ ಅರ್ಜಿಯೂ ಅವತ್ತೇ.

ಸಮಿತಿಯವರು ತಡವಾಗಿ ಬಂದರು. ಬಂದ ಮೇಲೆ ಜೈಲು ನೋಡಲು ಹೋದರು. ನೋಡಿದ ಮೇಲೆ ಊಟಕ್ಕೆ ಕೂತರು. ಓಣಿಯಲ್ಲಿ ನಾವು ಅವರ ಊಟದ ವಾಸನೆ ಕುಡಿದುಕೊಂಡು ಕೂತಿದ್ದೆವು. ತಾತನ ತಲೆ ಎದೆಯ ಮೇಲೆ ವಾಲಿತು. ನಾನು ಭುಜ ಹಿಡಿದು ಅಲ್ಲಾಡಿಸಿದೆ. ಮತ್ತೆ ವಾಲಿತು. ನಿದ್ದೆ ಹೋದ.

"ಹೋಯ್ತು," ಅಂದ ಅಂಚೆ ಮಾವ. "ಇನ್ನೊಂದ್ಸಲ ಹೇಳಿಕೊಡು."

"ಇಲ್ಲೇ?"

"ಇನ್ನೆಲ್ಲಿ? ಅವನನ್ನ ಮನೆಗೆ ಕಳಿಸಬೇಕೋ ಬೇಡ್ವೋ?"

ಎಬ್ಬಿಸಿದೆ. ಕಣ್ಣು ಬಿಟ್ಟು ಸುತ್ತ ನೋಡಿದ. ಅವಳೆಲ್ಲಿ ಅಂದ. ನಾನು ಮಂಡಿಯೂರಿ ಕೂತು ಕಿವಿಯಲ್ಲಿ ಹೇಳಿದೆ. ಒಂದೇ ದಿನದಲ್ಲಿ ಎರಡನೇ ಸಲ. ಈ ಸಲ ಅಳಲಿಲ್ಲ. ಬಾಯಿ ಅರ್ಧ ತೆರೆದುಕೊಂಡು ನನ್ನ ಮುಖವನ್ನೇ ನೋಡಿದ. ಆಮೇಲೆ ಅಂಗಿಯ ಗುಂಡಿಯನ್ನು ಒಂದೊಂದಾಗಿ ಬಿಚ್ಚತೊಡಗಿದ. ಯಾಕೆ ಅಂತ ಗೊತ್ತಿಲ್ಲ. ನಾನು ಮತ್ತೆ ಹಾಕಿದೆ. ಹಾಕುತ್ತಾ ಹೇಳಿಸಿದೆ. ಹೇಳಿದ.

ಒಳಗೆ ಕರೆದರು.

ಉದ್ದ ಮೇಜು. ನಡುವೆ ಅಧ್ಯಕ್ಷರು, ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಕನ್ನಡಕದ ಒಬ್ಬರು ಮೇಡಂ. ಹೆಡ್ ವಾರ್ಡರು ಬಾಗಿಲ ಹತ್ತಿರ. ಮಗಳು ಆಗಲೇ ಬಂದು ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಿದ್ದಳು. ನನಗೇ ಗುರುತು ಸಿಗಲಿಲ್ಲ. ಟೋಪಿಯಿಲ್ಲ. ನಡುವೆ ಬೈತಲೆ ತೆಗೆದು ಜಡೆ ಹಾಕಿಕೊಂಡಿದ್ದಳು. ಯಾರದೋ ಹತ್ತಿರ ಕೇಳಿ ತಂದಂಥ ಬಟ್ಟೆ. ಹೊರಗೆ ಗೇಟಿನಲ್ಲಿ ವ್ಯಾನು ನಿಲ್ಲಿಸಿದ್ದಾಳೆ, ಹಿಂದೆ ಹಾಸಿಗೆ ಹಾಕಿಸಿದ್ದಾಳೆ ಅಂತ ಗೇಟಿನವನು ಹೇಳಿದ್ದ. ಅಷ್ಟು ನಂಬಿಕೊಂಡು ಬಂದಿದ್ದಳು.

"ಹೇಳಪ್ಪ," ಅಂದರು ಅಧ್ಯಕ್ಷರು. "ನೀನು ಯಾಕೆ ಇಲ್ಲಿದ್ದೀಯ ಗೊತ್ತಾ?"

ತಾತ ಮೇಜಿನ ಕಡೆ ನೋಡಿ ಹೇಳಿದ. "ನಾನು ನನ್ನ ಹೆಂಡ್ತೀನ ಕೊಂದೆ. ಕುಡಿದಿದ್ದೆ. ಗೋಡೆ ಮಟ್ಟ ನೋಡೋ ಪಟ್ಟಿಯಿಂದ ತಲೆಗೆ ಹೊಡೆದೆ. ತಪ್ಪಾಯ್ತು. ದಿನಾ ದುಃಖ ಪಡ್ತೀನಿ."

ಒಂದು ಅಕ್ಷರ ಬಿಡಲಿಲ್ಲ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅಧ್ಯಕ್ಷರು ತಲೆ ಆಡಿಸಿದರು. ಹೆಡ್ ವಾರ್ಡರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಮಂಚ ಖಾಲಿಯಾಯಿತು ಅಂದುಕೊಂಡೆ.

"ಒಳ್ಳೇದು," ಅಂದರು ಅಧ್ಯಕ್ಷರು. "ನಿನ್ನ ಮಗಳು ಬಂದಿದ್ದಾಳೆ. ತಾಯೀನ ಕಳೆದುಕೊಂಡವಳು. ಆದ್ರೂ ನಿನ್ನನ್ನ ನೋಡ್ಕೋತೀನಿ ಅಂತಾಳೆ. ಅವಳಿಗೆ ಏನು ಹೇಳ್ತೀಯ?"

ಇದು ಪಾಠದಲ್ಲಿರಲಿಲ್ಲ.

ತಾತ ತಿರುಗಿ ನೋಡಿದ. ನೋಡುತ್ತಲೇ ಇದ್ದ. ಬೈತಲೆ ನೋಡಿದ, ಜಡೆ ನೋಡಿದ. ಸತ್ತಾಗ ತಾಯಿಗೆ ಇದ್ದ ವಯಸ್ಸು ಈಗ ಮಗಳಿಗೆ. ಅದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಏಯ್," ಅಂದ ತಾತ. "ಇಲ್ಲಿ ಕೂತಿದೀಯಾ? ಬೆಳಿಗ್ಗೆಯಿಂದ ಹುಡುಕ್ತಿದೀನಲ್ಲೇ."

ಅವಳು ಎದ್ದು ನಿಂತಳು.

ತಾತ ನನ್ನ ಕಡೆ ತಿರುಗಿದ. ಅವನ ಮುಖ ಅಷ್ಟು ಬೆಳಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. "ಬದುಕಿದಾಳಲ್ಲೋ. ಯಾಕೋ ನನ್ನ ಬಾಯಲ್ಲಿ ಹಾಗೆ ಹೇಳಿಸಿದ್ರಿ?" ಆಮೇಲೆ ಮೇಜಿಗೆ ಕೈ ಮುಗಿದ. "ಸ್ವಾಮಿ, ನಾನು ಯಾರನ್ನೂ ಕೊಂದಿಲ್ಲ. ಇಲ್ಲೇ ಇದಾಳೆ ನೋಡಿ. ಇವರೆಲ್ಲ ಸೇರಿ ಸುಳ್ಳು ಹೇಳಿಸಿದ್ರು."

ಅಧ್ಯಕ್ಷರ ಮುಖ ಬಿಗಿಯಿತು. "ಹೇಳಿಸಿದ್ರು ಅಂದ್ರೆ? ಯಾರು ಹೇಳಿಸಿದ್ದು?"

ಹೆಡ್ ವಾರ್ಡರು ಫ್ಯಾನು ನೋಡುತ್ತಿದ್ದ.

"ನಾನು ಸಾರ್," ಅಂದೆ. "ದಿನಾ ಹೇಳ್ತೀನಿ. ಹೇಳದಿದ್ರೆ ಅವನಿಗೆ ಗೊತ್ತಾಗಲ್ಲ."

"ಅಂದ್ರೆ ಸಮಿತಿಯ ಮುಂದೆ ನಾಟಕ."

"ಅಳೋದು ನಾಟಕ ಅಲ್ಲ ಸಾರ್. ದಿನಾ ನಿಜವಾಗ್ಲೂ ಅಳ್ತಾನೆ."

"ನಿನ್ನನ್ನ ಕೇಳಲಿಲ್ಲ."

ಮಗಳು ಮಾತಾಡಿದಳು. ಮೆಲ್ಲಗೆ, ಆದರೆ ನಡುಗದೆ. "ಸಾರ್, ನಮ್ಮಮ್ಮನ್ನ ಕೊಂದವನು ನನಗೆ ಗೊತ್ತು. ನಾನು ನೋಡಿದೀನಿ. ಅವನಿದ್ದಿದ್ರೆ ನಾನು ಈ ಬಾಗಿಲಿಗೆ ಬರ್ತಾನೇ ಇರಲಿಲ್ಲ. ಅವನು ಈ ಮುದುಕನೊಳಗೆ ಇಲ್ಲ. ನೀವೇ ಹುಡುಕಿ ನೋಡಿ."

"ನೀವು ಕ್ಷಮಿಸಿದೀರಾ?" ಅಂತ ಮೇಡಂ ಕೇಳಿದರು.

"ಇಲ್ಲ."

"ಮತ್ತೆ ಯಾಕೆ ಕರ್ಕೊಂಡು ಹೋಗ್ತೀರ?"

"ಆಸ್ಪತ್ರೆಯಲ್ಲಿ ದಿನಾ ರೋಗಿಗಳ ಬಟ್ಟೆ ಒಗೀತೀನಿ ಮೇಡಂ. ಯಾರು ಏನು ಮಾಡಿ ಬಂದಿದಾರೆ ಅಂತ ಕೇಳಿ ಒಗೆಯಲ್ಲ."

ಡಾಕ್ಟರು ಕೆಮ್ಮಿದರು. ಮೇಡಂ ಅಧ್ಯಕ್ಷರ ಕಡೆ ವಾಲಿ, ವಯಸ್ಸು ನೋಡಿ ಸಾರ್ ಅಂತೇನೋ ಅಂದರು. ಅಧ್ಯಕ್ಷರು ಕೈ ಎತ್ತಿದರು. "ಕರುಣೆ ನನಗೂ ಇದೆ. ಆದ್ರೆ ಕೈದಿ ನಮ್ಮ ಮುಂದೇನೇ ಅಪರಾಧ ಅಲ್ಲಗಳೀತಿದಾನೆ. ಕೊಲೆಯೇ ಆಗಿಲ್ಲ ಅಂತಿದಾನೆ. ಹೇಗೆ ಬಿಡೋದು? ಮುಂದಿನ ವರ್ಷ ನೋಡೋಣ. ಕರ್ಕೊಂಡು ಹೋಗಿ."

ಮುಂದಿನ ವರ್ಷ. ಸೊಂಟದ ಹುಣ್ಣಿನಲ್ಲಿ ನನ್ನ ಬೆರಳು ಹೋಗುತ್ತದೆ. ಇವರು ಮುಂದಿನ ವರ್ಷ ನೋಡುತ್ತಾರಂತೆ.

ನಾನು ಕುರ್ಚಿ ತಿರುಗಿಸಿದೆ. ತಿರುಗಲಿಲ್ಲ. ಅವಳು ಹತ್ತಿರ ಬಂದು ನಿಂತಿದ್ದಳು, ತಾತ ಅವಳ ಮಣಿಕಟ್ಟು ಹಿಡಿದುಬಿಟ್ಟಿದ್ದ.

"ನಡಿ ಮನೆಗೆ," ಅಂದ. "ಈ ಜನ ಸರಿಯಿಲ್ಲ."

"ಬಿಡು," ಅಂದ ಹೆಡ್ ವಾರ್ಡರು. ಬಂದು ಎಳೆದ. ಬರಲಿಲ್ಲ. ಆ ಕೈ ನನಗೆ ಗೊತ್ತು. ಜೀವಮಾನವೆಲ್ಲ ಗಾರೆ ಬಳಿಯುವ ಕರಣೆ ಹಿಡಿದ ಕೈ. ಇನ್ನೊಬ್ಬ ವಾರ್ಡರು ಬಂದ. ಅವಳ ಮಣಿಕಟ್ಟು ಕೆಂಪಾಗಿ ಆಮೇಲೆ ನೀಲಿಯಾಗುತ್ತಿತ್ತು. ಅವಳು ಬಿಡಿಸಿಕೊಳ್ಳಲು ನೋಡಲಿಲ್ಲ.

ಅಧ್ಯಕ್ಷರು ಮುಂದೆ ಬಾಗಿದರು. "ನೋಡಿ ಡಾಕ್ಟ್ರೇ. ಕೈಲಾಗದವನು ಅಂತ ಬರೆದಿದ್ರಲ್ಲ. ಇಬ್ಬರಿಗೆ ಬಗ್ಗುತ್ತಿಲ್ಲ. ಇವನನ್ನ ಒಬ್ಬ ಹೆಂಗಸಿನ ಜೊತೆ ಒಂದೇ ಮನೆಗೆ ಕಳಿಸಬೇಕಿತ್ತಾ ನಾನು?"

ಹೆಡ್ ವಾರ್ಡರಿಗೆ ಬೆವರು ಬಂದಿತ್ತು. ಅವನು ನನ್ನ ಕಡೆ ತಿರುಗಿದ. "ಏ ಕ್ಲೀನರ್, ನೀನು ಹೇಳು. ಅದೇ ಪಾಠ ಹೇಳು. ಬಿಟ್ಟುಬಿಡ್ತಾನೆ."

ಹೌದು. ಬಿಟ್ಟುಬಿಡುತ್ತಾನೆ. ಸೋಪು ಬೀಳುವುದನ್ನು ಹೆಡ್ ವಾರ್ಡರೂ ನೋಡಿದ್ದ. ಕಿವಿಯ ಹತ್ತಿರ ಬಾಗಿ ಎರಡು ಮಾತು ಹೇಳಿದರೆ ಸಾಕು. ತಾತ ಬೇರೆಯವರನ್ನು ನಂಬಲ್ಲ, ನನ್ನನ್ನು ನಂಬುತ್ತಾನೆ. ದಿನಾ ಅವನ ಕುಂಡಿ ತೊಳೆಯುವವನು ನಾನು.

"ಹೇಳಲ್ಲ," ಅಂದೆ.

"ಏನಂದೆ?"

"ಹೇಳಲ್ಲ ಸಾರ್."

"ಮಾಫಿ ಹೋಗುತ್ತೆ ನೋಡು. ಬಂದದ್ದೂ ಹೋಗುತ್ತೆ."

"ಹೋಗ್ಲಿ."

"ಹುಚ್ಚು ಹಿಡಿದಿದೆಯೇನೋ? ಅವನು ನಿನ್ನ ಅಪ್ಪನಾ?"

"ಅಲ್ಲ. ನೀವೇ ಹೇಳಿ. ನಿಮಗೂ ಬಾಯಿಪಾಠ ಆಗಿದೆ."

ಅವನು ನನ್ನ ಕೆನ್ನೆಗೆ ಬಾರಿಸಿದ. ಆಮೇಲೆ ತಾತನ ಕಿವಿಗೆ ಬಾಯಿಟ್ಟು ಕೂಗಿದ. ಸತ್ತಿದಾಳೆ, ನೀನೇ ಕೊಂದಿದೀಯ ಅಂತ. ತಾತ ನಕ್ಕ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕ. "ಕಣ್ಣು ಕಾಣಲ್ವೇನಯ್ಯ ನಿನಗೆ? ಇಲ್ಲೇ ಇದಾಳಲ್ಲ."

ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು.

ಮತ್ತಿಬ್ಬರು ವಾರ್ಡರನ್ನು ಕರೆದರು. ಒಬ್ಬ ನನ್ನನ್ನು ಗೋಡೆಗೆ ಒತ್ತಿ ಹಿಡಿದ. ಒಬ್ಬ ತಾತನ ಭುಜ ಹಿಡಿದ, ಒಬ್ಬ ಮೊಣಕೈ. ಹೆಡ್ ವಾರ್ಡರು ಒಂದೊಂದೇ ಬೆರಳು ಹಿಂದಕ್ಕೆ ಬಗ್ಗಿಸಿದ. ಕಿರುಬೆರಳು ಬಂತು. ಉಂಗುರದ ಬೆರಳು ಬಂತು. ನಡುಬೆರಳು ಬರಲಿಲ್ಲ. ಅವನು ಜೋರು ಮಾಡಿದ. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಮೇಜಿನವರೆಗೂ ಕೇಳಿಸಿರಬೇಕು. ಡಾಕ್ಟರು ತಲೆ ಎತ್ತಿದರು, ಮತ್ತೆ ತಗ್ಗಿಸಿದರು.

ಕೈ ಬಿಟ್ಟಿತು.

ತಾತ ಕೂಗಲಿಲ್ಲ. ತಿರುಚಿಕೊಂಡ ಬೆರಳನ್ನು ಎತ್ತಿ ನೋಡಿದ. ಬೇರೆ ಯಾರದೋ ಬೆರಳು ಅನ್ನುವ ಹಾಗೆ. ಆಮೇಲೆ ಅವಳ ಮುಖ ನೋಡಿ ಹೇಳಿದ. "ನೀನು ಮುಂದೆ ನಡಿ. ನಾನು ಕೈ ತೊಳ್ಕೊಂಡು ಬರ್ತೀನಿ."

ಅವಳು ನಿಂತೇ ಇದ್ದಳು.

"ನಡಿಯೇ. ಬಂದೆ."

"ಹೂಂ, ಬನ್ನಿ," ಅಂದಳು ಅವಳು.

ಹೋದಳು. ಇನ್ನೇನು ಮಾಡುತ್ತಾಳೆ. ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದುಕೊಂಡು ಬಾಗಿಲು ದಾಟಿದಳು. ಗೇಟಿನಲ್ಲಿ ಹಾಸಿಗೆ ಹಾಕಿದ ವ್ಯಾನು ಖಾಲಿ ಹೋಗುತ್ತದೆ.

ತಾತನನ್ನು ಬೇರೆ ಯಾರೋ ತಳ್ಳಿಕೊಂಡು ಹೋದರು. ನನ್ನನ್ನು ಇಬ್ಬರು ರಟ್ಟೆ ಹಿಡಿದು ಹೊರಗೆ ತಂದರು. ಇನ್ನು ಒಂಟಿ ಕೋಣೆ, ನನಗೆ ಗೊತ್ತಿತ್ತು. ಒಳಗಿನಿಂದ ಗಂಟೆ ಕೇಳಿಸಿತು. "ಮುಂದಿನವನನ್ನ ಕಳಿಸಿ," ಅಂದರು ಅಧ್ಯಕ್ಷರು. ದನಿಯಲ್ಲಿ ಏನೂ ಬದಲಾಗಿರಲಿಲ್ಲ.

ಮುಂದಿನವನು ಅಂಚೆ ಮಾವ. ಓಣಿಯ ಗೋಡೆಗೆ ಆತುಕೊಂಡು ನಿಂತಿದ್ದ. ಎಣ್ಣೆ ಹಚ್ಚಿ ತಲೆ ಬಾಚಿದ್ದ. ತುಟಿ ಅಲ್ಲಾಡುತ್ತಿತ್ತು, ತನ್ನ ಪಾಠ ತಾನೇ ಒಪ್ಪಿಸಿಕೊಳ್ಳುತ್ತಿದ್ದ. ನನ್ನ ಕೆನ್ನೆ ನೋಡಿದ. ಕೇಳಲಿಲ್ಲ. ಅವನಿಗೆ ಬೇಕಾದದ್ದು ಬೇರೆ.

"ಏನೇನು ಕೇಳಿದ್ರೋ?" ಅಂದ. "ಬೇಗ ಹೇಳು. ಏನು ನೋಡ್ತಾರೆ?"

ವಾರ್ಡರು ನನ್ನನ್ನು ಎಳೆಯುತ್ತಿದ್ದರು.

"ಕೈ ನೋಡ್ತಾರೆ ಮಾವ," ಅಂದೆ. "ಗಟ್ಟಿಯಾಗಿ ಏನನ್ನೂ ಹಿಡ್ಕೋಬೇಡ. ನಡುಗಿಸು."

"ನಡುಗಿಸೋದೇನು ಬಂತು," ಅಂದ ಅಂಚೆ ಮಾವ. ಗೋಡೆಯಿಂದ ಬಲಗೈ ತೆಗೆದು ಎತ್ತಿ ತೋರಿಸಿದ. ಅದು ತಾನಾಗಿಯೇ ನಡುಗುತ್ತಿತ್ತು. ಅದನ್ನು ಹಾಗೆಯೇ ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದುಕೊಂಡು ಒಳಗೆ ಹೋದ.